ಯಾವ ಊರಿನ ಸೂರ್ಯಾಸ್ತ

ನಮ್ಮ ಮನೆಯೆದುರಿನ ರಸ್ತೆಗೆ ಈಚೆ ಶಾರ್ಜಾ, ಆಚೆ ದುಬೈ.
ಬೇಲಿಯಿಲ್ಲ, ಗೇಟಿಲ್ಲ,
ದಾಟಿದೊಡನೆ ಬಾಡಿಗೆ ಮಾತ್ರ ಏರುತ್ತದೆ.
ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ನನ್ನ ಬಿಳಿ ಅಂಗಿ
ಭುಜದ ಪಟ್ಟಿ ಕಳಚಿಕೊಂಡು
ಯಾರದ್ದೋ ಅಂಗಿಯ ಹಾಗೆ ಒಣಗುತ್ತಿದೆ.

ಆಚೆಯ ಕಂಪನಿ ಕಾಗದ ಕಳಿಸಿದೆ. ಹದಿನೇಳು ಪುಟ.
ಮನೆ ಕೊಡುತ್ತಾರಂತೆ, ಚಂದನಾಳ ಶಾಲೆಯ ಫೀಸಂತೆ,
ಹಲ್ಲಿನ ಡಾಕ್ಟರನ ಬಿಲ್ಲೂ ಅವರದೇ ಅಂತೆ.
ಒಂಬತ್ತನೇ ಪುಟದ ಕೆಳಗೆ, ಇರುವೆ ಸಾಲಿನಷ್ಟು ಸಣ್ಣಗೆ:
ಮೂರು ಪಟ್ಟಿ. ಬಲಗಡೆಯ ಕುರ್ಚಿ.
ಎಡಕ್ಕೆ ಬರಲು ಆರು ವರ್ಷ,
ಅದೂ 'ಕಂಪನಿಯ ಅಗತ್ಯಕ್ಕೆ ಒಳಪಟ್ಟು'.

ಎಡಗಡೆ ಕೂತು ಏಳು ವರ್ಷವಾಯಿತು.
ನೆಲದ ಮೇಲೆ ವಿಮಾನ ತಿರುಗಿಸಿ ತಿರುಗಿಸಿ
ಈಗ ಊಟವೊಂದು ಬಿಟ್ಟು ಎಲ್ಲಕ್ಕೂ
ಎಡಗೈಯೇ ಮುಂದೆ ಬರುತ್ತದೆ.
'ಯಾವ ಕಡೆ ಕೂತರೇನು, ಹೋಗೋದು ಒಂದೇ ಊರಿಗಲ್ಲ'
ಎಂದಳು ತ್ರಿಶಲಾ.
ಎಂದವಳೇ ಕ್ಯಾಲ್ಕುಲೇಟರ್ ಹಿಡಿದು ಅಡುಗೆಮನೆಗೆ ಹೋದಳು,
ಇನ್ನೂ ಬಂದಿಲ್ಲ.

ಹಿರಿತನದ ಪಟ್ಟಿಯಲ್ಲಿ ಈಚೆ ನಾನು ಅರವತ್ತೊಂದು.
ಆಚೆ ಮೂರು ಸಾವಿರದ ನಾನೂರ ಹದಿನೆಂಟು.
ಅಷ್ಟೂ ಜನ ಈದಿಗೆ, ದೀಪಾವಳಿಗೆ, ಕ್ರಿಸ್ಮಸ್ಸಿಗೆ
ರಜೆ ಆರಿಸಿಕೊಂಡ ಮೇಲೆ
ನನಗೆ ಉಳಿಯುವುದು ಜುಲೈ ತಿಂಗಳ ಯಾವುದೋ ಬುಧವಾರ.

ಹೋದ ವಾರ ಧೂಳು ಎದ್ದಿತ್ತು. ಇಳಿಯಲು ಬಿಡದೆ
ಎಲ್ಲರನ್ನೂ ಸಮುದ್ರದ ಮೇಲೆ ಗಾಣದೆತ್ತು ಮಾಡಿದ್ದರು.
ಆಗ ಕೇಳಿತು ಅಲ್ಬನ್ ರೊಸಾರಿಯೋನ ದನಿ.
ಆಚೆ ಹೋಗಿ ಎರಡೇ ತಿಂಗಳು.
ನಮ್ಮ ಕಂಪನಿಯ ಕರೆಹೆಸರು ನಾಲಿಗೆಗೆ ಬಂದು, ಅರ್ಧಕ್ಕೆ ತಡೆದು,
'ಕರೆಕ್ಷನ್' ಎಂದ.
ಹೊಸ ಹೆಸರನ್ನು, ಹೊಸ ಚಪ್ಪಲಿ ಮೆಟ್ಟಿದವರ ಹಾಗೆ,
ನಿಧಾನಕ್ಕೆ ಹೇಳಿದ.
ಎಂಟು ಸಾವಿರ ಅಡಿಯಲ್ಲಿ ಅವನು, ಒಂಬತ್ತರಲ್ಲಿ ನಾನು.
ಆ ಮೈಕಿನಲ್ಲಿ ಕುಶಲ ಕೇಳುವಂತಿಲ್ಲ.
ಗುಂಡಿಯನ್ನು ಎರಡು ಸಲ ಒತ್ತಿ ಬಿಟ್ಟೆ. ಟಿಕ್, ಟಿಕ್.
ಅವನಿಗೆ ತಿಳಿದಿರಬೇಕು.
ಅಥವಾ ಕಂಟ್ರೋಲರನಿಗೆ ಸಿಟ್ಟು ಬಂದಿರಬೇಕು.

ಅವ್ವ ನಮ್ಮ ಜೊತೆಗೇ ಇದ್ದಾಳೆ.
ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ.
ಈ ಕಟ್ಟಡಗಳ ನಡುವೆ ಹೊತ್ತು ಕಾಣುವುದೆಲ್ಲಿ?
ಕೆಳಗಿನ ಮಸೀದಿಯ ಮಗ್ರಿಬ್ ಬಾಂಗೇ ಗಡಿಯಾರ:
ಬಾಂಗು ಎದ್ದಿತೆಂದರೆ ತಟ್ಟೆ ತೊಳೆದು ಕವುಚುತ್ತಾಳೆ.
ರಂಜಾನಿನಲ್ಲಿ ಅದೇ ಬಾಂಗಿಗೆ
ಕೆಫೆಟೇರಿಯಾದ ಮೊಯ್ದು ಖರ್ಜೂರ ಬಾಯಿಗಿಡುತ್ತಾನೆ.

ಒಮ್ಮೆ ಅಮ್ಮಾನಿಗೆ ಹೊರಟ ಸಂಜೆ, ನೆಲದಲ್ಲಿ ಕತ್ತಲೆ,
ಏರುತ್ತ ಏರುತ್ತ
ಮುಳುಗಿದ್ದ ಸೂರ್ಯ ಪಡುವಣದಲ್ಲೇ ಮತ್ತೆ ಎದ್ದ.
ಡಬ್ಬಿ ತೆರೆದು ಎರಡು ರೊಟ್ಟಿ ತಿಂದೆ.
ಮನೆಗೆ ಬಂದು ಹೇಳಿದರೆ ಅವ್ವ ಬಹಳ ಹೊತ್ತು ಸುಮ್ಮನಿದ್ದಳು.
'ಯಾವ ಊರಿನ ಸೂರ್ಯಾಸ್ತ ಹಿಡಿತೀಯೋ ನೀ?
ಬಿಟ್ಟ ಊರಿಂದೋ, ಮುಟ್ಟೋ ಊರಿಂದೋ?'

ಆಚೆಯವರದು ಹದಿನಾಲ್ಕು ತಾಸಿನ ಹಾದಿ.
ಒಂದೇ ಸರದಿಯಲ್ಲಿ ಎರಡು ಬೆಳಗು, ಇಲ್ಲವೇ ಒಂದೂ ಇಲ್ಲ.
ಈಚೆ ಹೋಗಿಬರುವಷ್ಟರಲ್ಲಿ ಮಗಳು ಮಲಗಿರುತ್ತಾಳೆ, ನಿಜ,
ಆದರೆ ಮಲಗಿದ್ದು ಕಾಣುತ್ತದೆ.

ಇವತ್ತು ಗುರುವಾರ, ಉತ್ತರ ಕೊಡಲು ಕಡೆಯ ದಿನ.
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು ಕೂತಿದ್ದೆ.
ಅವ್ವ ತಟ್ಟೆ ತಂದು ಹದಿನೇಳು ಪುಟಗಳ ಮೇಲೇ ಇಟ್ಟಳು:
'ಸಹಿ ರಾತ್ರಿನೂ ಮಾಡಬಹುದು. ಉಣ್ಣಾಕ ಬರಂಗಿಲ್ಲ.'

ಮೊದಲ ತುತ್ತು ಬಾಯಲ್ಲಿತ್ತು,
ಬಾಂಗು ಶುರುವಾಯಿತು.
ಅವ್ವ ನನ್ನ ಮುಖವನ್ನೇ ನೋಡಿದಳು.
ನಾನು ಅಗಿಯುವುದನ್ನು ನಿಲ್ಲಿಸಿದೆ.