ಇದನ್ನೂ ನೋಡಿ

ಕಬ್ಬಿನ ತೂಕದ ಮನೆಯ ಕಂಪ್ಯೂಟರಿಗೆ
ನಾನು ಬರೆದ ಸಹಾಯದ ಪುಟ ನೂರಾ ನಲವತ್ತೊಂದು.
ಪ್ರತಿ ಪುಟದ ಬುಡದಲ್ಲೂ ನೀಲಿ ಅಕ್ಷರ:
ಇದನ್ನೂ ನೋಡಿ.
ಬರೆಯುವುದು ಹೇಗೋ ಆಗುತ್ತದೆ,
ಒಂದರಿಂದ ಇನ್ನೊಂದಕ್ಕೆ ದಾರಿ ಕಡಿಯುವುದೇ ಕೆಲಸ.

ಮಂಡ್ಯದ ಗುತ್ತಲು ರಸ್ತೆ, ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಕೋಣೆ.
ಗೋಡೆ ತುಂಬ ಚೀಟಿ,
ಚೀಟಿಯಿಂದ ಚೀಟಿಗೆ ಹೂ ಕಟ್ಟುವ ದಾರ.

ಅರೆಯುವ ಕಾಲ. ರಾತ್ರಿ ಎರಡಕ್ಕೆ ಫೋನು.
"ಮೇಡಂ, ಜವರಾಜು, ತೂಕದ ಮನೆಯಿಂದ.
ರಸೀತಿ ಬತ್ತಿಲ್ಲ. ಖಾಲಿ ಗಾಡಿ
ಹೋದ ವಾರಕ್ಕಿಂತ ಏಳುನೂರು ಕೆಜಿ ಕಮ್ಮಿ ಅಂತದೆ.
ತೂಕ ತಾಳೆಯಾಗದಿದ್ದರೆ, ಅನ್ನೋದ ಒತ್ತುದೆ,
ಖಾಲಿ ಗಾಡಿಯ ತೂಕ ನೋಡಿ ಅಂತು.
ಅದ ಒತ್ತುದೆ,
ತೂಕ ತಾಳೆಯಾಗದಿದ್ದರೆ ನೋಡಿ ಅಂತು.
ಆರು ಸಲ ಸುತ್ತುದೆ.
ಗಾಣದೆತ್ತು ಮಾಡ್ಬುಟ್ರಲ್ಲ ನನ್ನ!
ಇಲ್ಲಿ ಗೇಟಿನಗಂಟ ಗಾಡಿ ನಿಂತವೆ."

ಎತ್ತು ಅಂದದ್ದೇ ತಡ, ನೆನಪಾಯಿತು.
ಎಂಬತ್ತೆಂಟನೆಯ ಪುಟ:
'ಎತ್ತುಗಳನ್ನು ಹಲಗೆಯ ಮೇಲೆ ನಿಲ್ಲಿಸಿ ತೂಗಿದ್ದರೆ
ಖಾಲಿ ಗಾಡಿಯನ್ನೂ ಎತ್ತುಗಳ ಸಮೇತ ತೂಗಿ.'
ಎರಡು ಸಲ ತಿದ್ದಿದ ವಾಕ್ಯ, ಕಾಗುಣಿತ ಕೂಡ ಸರಿ.
ಆ ಪುಟಕ್ಕೆ ಮಾತ್ರ ಯಾವ ಪುಟದಿಂದಲೂ ದಾರಿ ಇರಲಿಲ್ಲ.
ತಬ್ಬಲಿ ಪುಟ ಅನ್ನುತ್ತೇವೆ ನಮ್ಮ ಕಸುಬಿನಲ್ಲಿ,
ಹಡೆದವರು ನಾವಲ್ಲ ಅನ್ನುವ ಹಾಗೆ.
ಈಗೆಲ್ಲ ಟ್ರ್ಯಾಕ್ಟರೇ ಅಂದುಕೊಂಡು
ಆ ದಾರ ಕಟ್ಟದೆ ಬಿಟ್ಟವಳು ನಾನು.

"ಎತ್ತು ಬಿಚ್ಚಿದ್ದಾರಾ ಕೇಳಿ," ಅಂದೆ.
ಫೋನಿನಾಚೆ ಕೂಗು: "ಸಣ್ಣಕೆಂಪಮ್ಮೋ, ಎತ್ತೆಲ್ಲಿ?"
ದೂರದಿಂದ ಹೆಂಗಸಿನ ದನಿ:
"ನೀರು ಕುಡೀತವೆ ಕನಪ್ಪ. ಯಾಕೆ?"

ಯಾಕೆ.

ಬೆಳಿಗ್ಗೆ ಸ್ಕೂಟರಿನಲ್ಲಿ ಅಲ್ಲಿಗೇ ಹೊರಟೆ.
ಪಂಚರ್ ಅಂಗಡಿಯವನನ್ನು ದಾರಿ ಕೇಳಿದೆ.
ಚಕ್ರದಿಂದ ತಲೆಯೆತ್ತದೆ ಹೇಳಿದ:
"ಸೀದಾ ಹೋಗಿ, ಹಾಲಿನ ಡೈರಿ ಸಿಗ್ತದೆ.
ಸಿಗದಿದ್ರೆ ನಾಲೆ ದಾಟ್ಬುಟ್ರಿ ಅಂತ, ತಿರುಗಿ ಬನ್ನಿ.
ಡೈರಿ ತಾವು ಯಾರನ್ನಾರ ಕೇಳಿ."

ನಾಲೆ ದಾಟಿಯೇ ಬಿಟ್ಟೆ.
ತುಂಬಿ ಹರಿಯುತ್ತಿತ್ತು. ತಿರುಗಿ ಬಂದೆ.
ಹತ್ತು ವರ್ಷದ ನನ್ನ ಬರವಣಿಗೆಯಲ್ಲಿ
ದಾಟಿಬಿಟ್ಟವರಿಗೆಂದು ಒಂದು ಸಾಲೂ ಇರಲಿಲ್ಲ.

ಸಂಜೆ ಕೋಣೆಗೆ ಬಂದು ಗೋಡೆಯ ಮುಂದೆ ನಿಂತೆ.
ಸುತ್ತು ಹಾಕಿಸಿದ ಆ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ.
ತಾಳೆಯಾಗದ ತೂಕದಿಂದ ಒಂದು ದಾರ ಎಂಬತ್ತೆಂಟಕ್ಕೆ,
ಖಾಲಿ ಗಾಡಿಯಿಂದ ಒಂದು, ಬಾರದ ರಸೀತಿಯಿಂದ ಒಂದು.
ಅದರ ಬುಡದಲ್ಲಿ ಹೊಸ ಸಾಲು:
'ನೀವು ಹುಡುಕಿದ್ದು ಇದಲ್ಲವಾದರೆ, ಬಂದ ದಾರಿ ಇಲ್ಲಿದೆ.'
ಅಷ್ಟರಲ್ಲಿ ದಾರ ಮುಗಿಯಿತು.
ಕೆಳಗಿನ ಅಂಗಡಿಯ ಮುನಾವರ್ ಹತ್ತಿರ
ಸುಟ್ಟ ಮೋಟಾರಿನ ತಾಮ್ರದ ತಂತಿ ಇಸಿದುಕೊಂಡು ಬಂದೆ.

ಈಗ ಫ್ಯಾನು ಹಾಕಿದರೆ
ಎಂಬತ್ತೆಂಟರ ಚೀಟಿ ಅಲುಗುತ್ತದೆ,
ಅದರ ಜೊತೆಗೆ ಇನ್ನೈದು.