ಸೊನ್ನೆಯ ಕೆಳಗೆ

ಅತ್-ಬಾಶಿಯ ಶಾಲೆಯಲ್ಲಿ ಪಾಠಯೋಜನೆಗೆ ನಾಲ್ಕೇ ಅಂಕಣ:
ಉದ್ದೇಶ, ಸಾಮಗ್ರಿ, ವೇಳೆ, ಫಲ.
ಬುರುಲ್‌ಕಾನ್ ಸ್ಕೇಲಿಟ್ಟು ಐದನೆಯದೊಂದು ಎಳೆದುಕೊಂಡಿದ್ದಾಳೆ,
ಅದಕ್ಕೆ ತಲೆಬರಹವಿಲ್ಲ.
ತನಿಖೆಗೆ ಬಂದವರು ಕೇಳಿದರೆ
ಅದು ಅಂಚು ಸಾರ್, ಎನ್ನುತ್ತಾಳೆ.

ಆ ಅಂಚಿನಲ್ಲಿ ಏನೇನೋ ಇದೆ.
ಎರ್ಮೆಕ್‌ಗೆ ಹಲಗೆ ಕಾಣುವುದಿಲ್ಲ, ಹೇಳಿಕೊಳ್ಳುವುದೂ ಇಲ್ಲ.
ರೊಟ್ಟಿಯಲ್ಲಿ ಮೂರನೇ ಒಂದು ಅಂದರೆ
ಇವರಿಗೆ ಕಾಣುವುದು ರೊಟ್ಟಿ;
ಊಟಕ್ಕೆ ಮುಂಚೆ ಭಿನ್ನರಾಶಿ ಬೇಡ.
ಗಾಳಿ ಎದ್ದ ದಿನ ಹೊಸ ಪಾಠ ಬೇಡ.

ಭಾನುವಾರ ರಾತ್ರಿ ಒಲೆಯ ಪಕ್ಕ ಕೂತು
ಆರನೇ ತರಗತಿಗೆ ಅವಳು ಹೊಸೆದ ಉಪಾಯ ಚೆನ್ನಾಗಿಯೇ ಇತ್ತು.
ಸೊನ್ನೆಗಿಂತ ಚಿಕ್ಕ ಸಂಖ್ಯೆ ಎಲ್ಲಿ ಸಿಗುತ್ತದೆ?
ತೋಕೋನನ ಅಂಗಡಿಯಲ್ಲಿ, ತಕ್ಕಡಿಯ ಹಿಂದೆ
ದಾರ ಕಟ್ಟಿ ತೂಗುಬಿಟ್ಟ ನೀಲಿ ಪುಸ್ತಕದಲ್ಲಿ.
ಎಲ್ಲರೂ ಕಂಡದ್ದು, ಕೈಗೆಟುಕುವಂಥದ್ದು.
ಸೋಮವಾರ ಹಲಗೆಯ ಮೇಲೆ ಬರೆದಳು:
ಒಂದು ಮನೆ. ಹಿಟ್ಟು, ಚಹಾ, ಕಲ್ಲಿದ್ದಲು.
ಕೈಯಲ್ಲಿ ಇನ್ನೂರು ಸೋಮ್, ಕೊಡಬೇಕಾದದ್ದು ಒಂಬೈನೂರು.
ಹಾಗಾದರೆ ಆ ಮನೆಯ ಹತ್ತಿರ ಇರುವುದೆಷ್ಟು?

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು:
ಅದು ಐಚುರೋಕ್‌ ಮನೆ!

ನಗು ನಿಂತ ಮೇಲೂ
ಆ ಹುಡುಗಿ ತಲೆಯೆತ್ತಲಿಲ್ಲ.
ಪೆನ್ಸಿಲ್ಲಿನ ತುದಿ ಕಾಗದದ ಒಂದೇ ಚುಕ್ಕೆಯಲ್ಲಿ ತಿರುಗುತ್ತ ತಿರುಗುತ್ತ
ಹಾಳೆ ತೂತಾಯಿತು.

ಕನ್ನಡದಲ್ಲಿ ಬರೆಯುವ ನನಗೂ ಇಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ.
ನಮ್ಮಲ್ಲಿ ಆ ಸಂಖ್ಯೆಯ ಹೆಸರೇ ಋಣ.
ಎದುರಿನದು ಧನ.
ಗುರುತು ಹಾಕುವ ಮೊದಲೇ ಮನೆಮನೆಯ ಸಮಾಚಾರ ಹೇಳಿಬಿಡುವ ಭಾಷೆ.

ಮಂಗಳವಾರ ಹಲಗೆ ಒರೆಸಿದ್ದಳು.
ಕಿಟಕಿಯಾಚೆ ಮೊಳೆಗೆ ನೇತುಹಾಕಿದ ಉಷ್ಣಮಾಪಕ,
ಅದರ ಕೆಂಪು ದಾರ, ಉಗುರಿನಷ್ಟು ಉದ್ದ.
ಒಬ್ಬೊಬ್ಬರೇ ಹೋಗಿ ಓದಿ ಬನ್ನಿ.
ಹೋದರು, ಮೂಗು ಕೆಂಪಾಗಿಸಿಕೊಂಡು ಬಂದರು.
ಇಪ್ಪತ್ತೆರಡು ಕೆಳಗೆ. ಇಪ್ಪತ್ತೊಂದೂವರೆ.
ಎರ್ಮೆಕ್ ಮೂಗನ್ನು ಗಾಜಿಗೇ ತಾಗಿಸಿ ಓದಿದ,
ಅವನದೇ ಸರಿಯಾಗಿತ್ತು.
ಚಳಿ ಯಾರ ಮನೆಯದೂ ಅಲ್ಲ,
ಆದ್ದರಿಂದ ಯಾರೂ ನಗಲಿಲ್ಲ.

ಗುರುವಾರ ಕಷ್ಟದ ದಿನ.
ಕಳೆಯನ್ನು ಕಳೆಯಿಂದ ಗುಣಿಸಿದರೆ ಕೂಡು ಹೇಗೆ?
ಅವಳ ಮೇಷ್ಟ್ರು ಅವಳಿಗೆ ಹೇಳಿದ್ದು ಒಂದೇ ಮಾತು: ಬಾಯಿಪಾಠ ಮಾಡು.
ಮೂರು ರಾತ್ರಿ ಯೋಚಿಸಿ, ಬರೆದು, ಹೊಡೆದುಹಾಕಿ
ಇಷ್ಟು ಉಳಿಸಿಕೊಂಡಿದ್ದಳು:

ನಿನ್ನೆ ಸಂಜೆ ಏಳಕ್ಕೆ ಹದಿನೈದು ಕೆಳಗೆ.
ಗಂಟೆಗೆ ಮೂರರಂತೆ ಇಳಿಯುತ್ತಿತ್ತು; ಅದು ಕಳೆ ಮೂರು.
ಮುಂದಿನ ಗಂಟೆಗೆ ಕೂಡು ಗುರುತು, ಹಿಂದಿನ ಗಂಟೆಗೆ ಕಳೆ.
ಎರಡು ಗಂಟೆ ಹಿಂದಕ್ಕೆ ನಡೆಯಿರಿ.

ತರಗತಿ ಸುಮ್ಮನಾಯಿತು. ಒಲೆಯಲ್ಲಿ ಕಲ್ಲಿದ್ದಲು ಸಿಡಿಯಿತು.
ಕಾಯುವುದಕ್ಕೆ ಯೋಜನೆಯಲ್ಲಿ ಅರ್ಧ ನಿಮಿಷವಿತ್ತು;
ಅವಳು ಎರಡು ಕೊಟ್ಟಳು.

ಒಂಬತ್ತು ಕೆಳಗೆ,
ಎಂದಳು ಐಚುರೋಕ್, ಸೋಮವಾರದಿಂದ ಮೊದಲ ಮಾತು.
ಆಗ ಕುರಿ ಒಳಗೆ ಕೂಡುತ್ತಿದ್ದೆ.
ಕೈಗವಸು ಹಾಕಿರಲಿಲ್ಲ, ಬೇಕಾಗಿರಲಿಲ್ಲ.
ಹಿಂದಕ್ಕೆ ಹೋದರೆ ಬೆಚ್ಚಗಾಗುತ್ತದೆ.
ಆರರಷ್ಟು.

ಬುರುಲ್‌ಕಾನ್ ಆರು ಬರೆದಳು.
ಅದರ ಮುಂದೆ ಕೂಡು ಗುರುತು ಹಾಕಲು ತಿರುಗಿದಾಗ
ಸೀಮೆಸುಣ್ಣ ಮುರಿಯಿತು. ಹುಡುಗರಿಗೆ ಅಷ್ಟೇ ಸಾಕಾಯಿತು ನಗಲು;
ಐಚುರೋಕ್ ಕೂಡ ನಕ್ಕಳು.

ಸಂಜೆ ಸಕ್ಕರೆಗೆಂದು ತೋಕೋನನಲ್ಲಿಗೆ ಹೋದಳು.
ಅವನು ನೀಲಿ ಪುಸ್ತಕ ಬಿಡಿಸಿ, ಬೆರಳಿಗೆ ಉಗುಳು ಹಚ್ಚಿ,
ಹಾಳೆ ಮಗುಚಿ ಅವಳ ಹೆಸರಿಗೆ ಬಂದ.
ಇದಕ್ಕೇ ಸೇರಿಸಲಾ, ಟೀಚರಮ್ಮ?
ಸೇರಿಸು.

ರಾತ್ರಿ ಐದನೇ ಅಂಕಣದಲ್ಲಿ, ಸಣ್ಣ ಅಕ್ಷರದಲ್ಲಿ:
ಸಾಲದ ಉದಾಹರಣೆ ತಪ್ಪಲ್ಲ.
ಮುಂದಿನ ವರ್ಷ ನನ್ನ ಹೆಸರಿನಿಂದ ಶುರು ಮಾಡುವುದು.
ಕಳೆ ಒಂದು ಸಾವಿರದ ನೂರ ನಲವತ್ತು.
ಸಕ್ಕರೆ ಬಿಟ್ಟು.