ಮುಚ್ಚಳ

ಮನಾಮಾದ ಗುದೈಬಿಯಾ, ಹಿಂದಿನ ಗಲ್ಲಿ. ಲಾಂಡ್ರಿಗೂ
ಮೊಬೈಲು ರಿಪೇರಿಗೂ ನಡುವೆ ಸಿಕ್ಕಿಕೊಂಡ
ನಾಲ್ಕೇ ಮೇಜಿನ ಹೋಟೆಲು.
ಮೊದಲ ಸಲ ಹೋದದ್ದು ಉಣ್ಣಲಿಕ್ಕಲ್ಲ,
ಎ.ಸಿ. ಸೋರುತ್ತಿದೆ ಅಂತ ಫೋನು ಬಂದಿತ್ತು.
ಏಣಿಯ ಮೇಲೆ ನಾನು, ಕೆಳಗೆ ಬಕೆಟ್ಟು ಹಿಡಿದ ಹುಸೇನಪ್ಪ,
ಒಳಗಿಂದ ಟೊಕ್ ಟೊಕ್ ಟೊಕ್,
ಮಣ್ಣಿನ ಒರಳಿಗೆ ಮರದ ಒನಕೆ.
"ಯಾರೋ ಖಾರ ಕುಟ್ಟಾಕತ್ತಾರ" ಅಂದ.
ಬಕೆಟ್ಟು ತುಂಬಿ ಅವನ ಬೂಟಿಗೇ ಹರಿಯಿತು.

ಶುಕ್ರವಾರ ಉಣ್ಣಲು ಹೋದೆವು.
ಬೋರ್ಡಿನಲ್ಲಿರುವುದು ಥಾಯ್ ಅಂತ ಮಾತ್ರ.
ಕುಟ್ಟುವ ಬುನ್ಮಿ ಲಾವೋಸಿನವಳು,
ಗಲ್ಲಾದಲ್ಲಿ ಕೂತ ವಿಲೈ ಆಚೆ ದಡದವಳು;
ನಡುವೆ ಮೆಕಾಂಗ್ ಹೊಳೆ, ರಾತ್ರಿ
ಇವಳೂರಿಗೆ ಅವಳೂರಿನ ದೀಪ ಕಾಣುತ್ತದಂತೆ.
ಲಾವೋಸ್ ಅಂದರೆ ಇಲ್ಲಿ ಯಾರಿಗೂ ತಿಳಿಯದು,
ಹೇಳಿ ಹೇಳಿ ಸಾಕಾಗಿ ಬುನ್ಮಿಯೂ ಥಾಯ್.
ನಾವೂ ಹಾಗೇ. "ಕೇರಳಾ?" ಎಂದವರಿಗೆಲ್ಲ
ತಲೆಯಾಡಿಸಿ ಕೆಲಸ ಮುಗಿಸುತ್ತೇವೆ.

ಎಷ್ಟು ಮೆಣಸಿನಕಾಯಿ? ಬೆರಳೆತ್ತಿ ಕೇಳಿದಳು.
ಮುದಗಲ್ಲಿನ ಗಂಡಸು, ಎರಡೂ ಕೈ ಬಿಚ್ಚಿ ತೋರಿಸಿದ.
ಹತ್ತು.
ಅವಳು ವಿಲೈಯನ್ನು ನೋಡಿದಳು, ವಿಲೈ ನನ್ನನ್ನು,
ನಾನು ನೀರಿನ ಜಗ್ಗನ್ನು.

ಎಳೆಎಳೆಯಾಗಿ ಹೆಚ್ಚಿದ ಪರಂಗಿಕಾಯಿ, ಜಜ್ಜಿದ ಟೊಮೆಟೊ, ನಿಂಬೆ,
ಮೇಲೆ ಹುದುಗಿಸಿದ ಮೀನಿನ ಕಪ್ಪು ರಸ.
ಆ ವಾಸನೆಗೆ ಪಕ್ಕದ ಮೇಜಿನವನು ಕುರ್ಚಿ ಸರಿಸಿದ.
ಮೂರನೇ ತುತ್ತಿಗೆ ಹುಸೇನಪ್ಪನ ಕಿವಿ ಕೆಂಪು,
ಮೂಗು, ಕಣ್ಣು, ಎಲ್ಲ ಕಡೆ
ನಾವಿಬ್ಬರೂ ರಿಪೇರಿ ಮಾಡಲಾಗದ ಸೋರಿಕೆ.
ಬ್ಯಾಡಗಿಯಲ್ಲ ಇದು, ಬಣ್ಣಕ್ಕೆ ಬೆಳೆದದ್ದಲ್ಲ.
ಬುನ್ಮಿ ನೀರು ಕೊಡಲಿಲ್ಲ. ಎಲೆಕೋಸಿನ ತುಂಡು ಕೊಟ್ಟಳು,
ಬಿದಿರ ಬುಟ್ಟಿಯಿಂದ ಅಂಟನ್ನ ಚಿವುಟಿ
ಉಂಡೆ ಕಟ್ಟಿ, ಬಾಯಿಗೆ, ಎಂದು ಸನ್ನೆ ಮಾಡಿದಳು.
ಮುದ್ದೆಯೆಂದು ನಾನು ನುಂಗಹೋದೆ.
ಅಗಿ, ಅಗಿ, ತನ್ನ ದವಡೆ ಮುಟ್ಟಿ ಗದರಿದಳು.
ನಮ್ಮ ಚಿಂತಾಮಣಿಯಲ್ಲಿ ಅಗಿದವನನ್ನು ಕಂಡು ನಗುತ್ತಾರೆ;
ಇಲ್ಲಿ ನುಂಗಿದವನನ್ನು.

ಕೈ ತೊಳೆದು ಬರುವಷ್ಟರಲ್ಲಿ
ಓಡಿ ಬಂದು ಬುಟ್ಟಿಯ ಮುಚ್ಚಳ ಮುಚ್ಚುತ್ತಿದ್ದಳು.
ಉಂಡ ಮೇಲೆ ತೆರೆದಿಡಬಾರದಂತೆ,
ಗಂಡಹೆಂಡಿರು ಬೇರೆಯಾಗುತ್ತಾರಂತೆ;
ಅರ್ಧ ಅರಬ್ಬಿ, ಕಾಲು ಹಿಂದಿ, ಉಳಿದದ್ದು ಕೈಯಲ್ಲಿ ಹೇಳಿದಳು.
"ನಮ್ಮಾಗೂ ಐತ್ರಿ. ಬರೇ ತೊಟ್ಟಿಲ ತೂಗಬಾರ್ದು."
ಮಾತು ದಾಟಲಿಲ್ಲ. ಹುಸೇನಪ್ಪ ಎರಡೂ ಕೈ ಜೋಡಿಸಿ
ಗಾಳಿಯನ್ನೇ ತೂಗಿ ತೋರಿಸಿದ.

"ಬೇಬಿ!" ಎಂದಳು ಬುನ್ಮಿ.
"ವಿಲೈ, ಇವನಿಗೆ ಬೇಬಿ!"
ಗಲ್ಲಾ ಬಿಟ್ಟು ವಿಲೈ ಬಂದಳು. ಗಂಡೋ? ಹೆಣ್ಣೋ?
ಹುಸೇನಪ್ಪ ನನ್ನ ಮುಖ ನೋಡಿದ.
ಪ್ರತಿ ಸಲವೂ ಅವನ ರಜೆ ಮುಗಿದ ಮೇಲೆಯೇ
ಸಂಬಂಧ ಬರುವುದು, ಆರು ವರ್ಷದಿಂದ.
ಅಷ್ಟರಲ್ಲಿ ಮಾವಿನಹಣ್ಣು ಬಂತು,
ತೆಂಗಿನ ಹಾಲಲ್ಲಿ ನೆಂದ ಅನ್ನದ ಜೊತೆ. ಬಿಲ್ಲಿಲ್ಲದ್ದು.
"ಹೆಣ್ಣು" ಅಂದ.

ಗಲ್ಲಿಯಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ.
"ತಾಟು ಮುಂದ ಇಟ್ಟಾಕಿಗೆ ಇಲ್ಲ ಅನ್ನಾದು ಹೆಂಗ?"
ಇನ್ನೂ ಮೂಗು ಒರೆಸಿಕೊಳ್ಳುತ್ತಿದ್ದ.

ಈಗ ಆ ಕೂಸಿಗೆ ಏಳು ತಿಂಗಳು.
ಬೋರಲು ಬಿದ್ದದ್ದು ಹೇಳಿದ್ದಾಯಿತು,
ಜ್ವರ ಬಂದದ್ದೂ, ಬಿಟ್ಟದ್ದೂ.
ಚಳಿ ಶುರುವಾದಾಗ ವಿಲೈ ಹಳದಿ ಕುಲಾವಿ ಹೆಣೆದು ಕೊಟ್ಟಳು,
ಅದು ನಮ್ಮ ಕೋಣೆಯ ಕಿಟಕಿಯಲ್ಲಿದೆ,
ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇವೆ ಅಂದಿದ್ದೇವೆ.
ಬುಟ್ಟಿಯ ಮುಚ್ಚಳ ಈಗ ಹುಸೇನಪ್ಪನೇ ಮುಚ್ಚುತ್ತಾನೆ, ಮರೆಯದೆ.

ಮೊನ್ನೆ ಶುಕ್ರವಾರ ಒರಳ ಹಿಂದಿನಿಂದಲೇ ಬುನ್ಮಿ ಕೇಳಿದಳು:
ಹಲ್ಲು ಬಂತಾ?
ಅವನು ಎರಡು ಬೆರಳೆತ್ತಿದ.
ಅವಳು ಎರಡೇ ಮೆಣಸಿನಕಾಯಿ ಹಾಕಿ ಕುಟ್ಟಿದಳು.
ಸಪ್ಪಗಿತ್ತು.
ಇಬ್ಬರೂ ಏನೂ ಅನ್ನದೆ ತಿಂದೆವು.